ಹಣಿ

ರಾತ್ರಿ ಹನ್ನೊಂದೂವರೆ. ರಾಯಚೂರಿನ ಡೆಸ್ಕಿನಲ್ಲಿ
ಎರಡು ಕಾಲಮ್ಮಿನ ತಲೆಬರಹಕ್ಕೆ ಜಾಗ ಸಾಲದು.
'ಸೋಲಿಸಿದ' ಒಂದಕ್ಷರ ಹೆಚ್ಚು, 'ಮಣಿಸಿದ' ನಿನ್ನೆಯಷ್ಟೇ ಆಯಿತು,
'ಬಗ್ಗುಬಡಿದ' ಅಂಚು ದಾಟಿ ಜಾಹೀರಾತಿಗೆ ಕಾಲು ಚಾಚುತ್ತದೆ.
ತಿಮ್ಮನಗೌಡರು ಕುರ್ಚಿ ಬಿಟ್ಟೇಳದೆ ಕೂಗುತ್ತಾರೆ:
'ಹಣಿದ ಅಂತ ಹಾಕ್ರೀ, ಮೂರೇ ಅಕ್ಷರ.'
ಹಾಕಿದೆ. ಮಾನ್ವಿಯನ್ನು ಹಣಿದ ಸಿಂಧನೂರು.
ವಾಲಿಬಾಲು. ಪುಟ ಪ್ರೆಸ್ಸಿಗೆ ಹೋಯಿತು.

ಕೈ ಮೂಸಿ ನೋಡಿಕೊಂಡೆ. ಇದ್ದಲಿನ ವಾಸನೆ.

ಮುದಗಲ್ಲಿನಲ್ಲಿ ಕೋಟೆಯ ಕಂದಕದ ಬದಿಗೆ ನಮ್ಮ ತಗಡಿನ ಕುಲುಮೆ.
ರೋಹಿಣಿ ಮಳೆಗೆ ಇನ್ನೂ ವಾರವಿರುವಾಗಲೇ
ಬಾಗಿಲಲ್ಲಿ ಮೊಂಡು ಕುಡಗಳ ಸಾಲು,
ಯಾರದು ಯಾವುದೆಂದು ತಿಳಿಯಲು
ಒಂದೊಂದರ ಕೊರಳಿಗೆ ಒಂದೊಂದು ಬಣ್ಣದ ಅರಿವೆಚೂರು.
'ದೇವಿಂದ್ರಮ್ಮಾ, ಇವೆರಡು ಹಣಿದು ಕೊಡಮ್ಮಾ,
ಮುಂಜಾನಿ ಗಳೆ ಹೂಡಬೇಕು.'

ಅಪ್ಪ ಇಕ್ಕಳ ಹಿಡಿದು ತಿರುಗಿಸುವವನು.
ದೊಡ್ಡ ಸುತ್ತಿಗೆ ಅವ್ವನದು, ಸೆರಗು ಸೊಂಟಕ್ಕೆ ಸಿಕ್ಕಿಸಿ.
ನಾನು ತಿದಿ.
ಕೆಂಪು ಸಾಲದು,
ಬಲಿತ ಕುಂಬಳದ ತಿರುಳಿನ ಬಣ್ಣಕ್ಕೆ ಬರಬೇಕು ಕಬ್ಬಿಣ.
ಅಡಿಗಲ್ಲಿಗೆ ತಂದು, ಆ ಬಣ್ಣ ಹಾರಿಹೋಗುವ ಮೊದಲು
ಹನ್ನೆರಡು ಏಟು. ಮೊನೆ ಏಳಲಿಲ್ಲವೇ, ಮತ್ತೆ ಬೆಂಕಿಗೆ.
ಅಪ್ಪ ಅವಸರಕ್ಕೆ 'ಇನ್ನೊಂದು ಹಾಕು' ಎಂದರೆ
ಅವ್ವ ಸುತ್ತಿಗೆಯನ್ನು ನೆಲಕ್ಕಿಟ್ಟುಬಿಡುತ್ತಿದ್ದಳು:
'ಆರಿದ್ದನ್ನ ಹಣೀಬಾರದು, ಸೀಳ್ತದ.'

ಹಣಿಸಿಕೊಂಡು ಸೋತ ಕುಡವನ್ನು ನಾನು ಕಂಡಿಲ್ಲ.
ಎರೆಹೊಲಕ್ಕೆ ಹೋಗಿ
ಮರುವರ್ಷ ಬಂದಾಗ ಬೆರಳಗಲ ಗಿಡ್ಡವಾಗಿರುತ್ತಿತ್ತು, ಅಷ್ಟೆ.
ಬೆನ್ನು ಮಾತ್ರ ಕನ್ನಡಿಯಂತೆ.

ಶಾಲೆಯಲ್ಲಿ ಬಸಲಿಂಗಯ್ಯ ಮಾಸ್ತರರು
ಲಕ್ಕಿ ಬರಲು ಆಡಿಸುತ್ತ ಹೇಳುತ್ತಿದ್ದರು,
'ಹಣಿದ್ರನೇ ನೀವು ಹದಕ್ಕ ಬರೋರು.'
ಎದುರು ಮನೆಯ ಹಂಪಣ್ಣನೂ ರಾತ್ರಿ ಹೆಂಡತಿಯನ್ನು ಹಣಿದ.
ಅದಕ್ಕೂ ಇದಕ್ಕೂ ಊರು ಇಟ್ಟಿದ್ದು ಒಂದೇ ಮಾತು.
ಬೆಳಿಗ್ಗೆ ಅದೇ ಹಂಪಣ್ಣ ಕುಡ ತಂದ.
ಅವ್ವ ಅದನ್ನು ಬೆಂಕಿಯಲ್ಲಿಟ್ಟು, ಅವನನ್ನು ನೋಡದೆ ಕೇಳಿದಳು:
'ಆಕಿನ್ನ ಎಷ್ಟೊತ್ತು ಕಾಸಿದ್ದಿ ಹಂಪಣ್ಣ?
ಯಾವ ಇಕ್ಕಳದಾಗ ಹಿಡದಿದ್ದಿ?
ಹೇಳು, ಏನು ಮೊನಿ ಬಂತು?'
ಅವನು ಅರೆಗಾದ ಕುಡವನ್ನು ಹಸಿ ಗೋಣಿಯಲ್ಲಿ ಸುತ್ತಿಕೊಂಡು
ಬೇರೆ ಕುಲುಮೆಗೆ ಹೋದ.
ಆ ವರ್ಷ ಆಯದ ಜೋಳದಲ್ಲಿ ಎರಡು ಕೊಳಗ ಕಡಿಮೆ.
ಅಪ್ಪ ಮೂರು ದಿನ ಮಾತು ಬಿಟ್ಟ.

ನಮ್ಮ ಕಡೆ ಹಣೆಗೂ ಹಣಿ ಅನ್ನುತ್ತೇವೆ.
ಅವ್ವನ ಹಣಿಯಲ್ಲಿ ಕುಂಕುಮದ ಎಡಕ್ಕೆ
ಅಕ್ಕಿಕಾಳಿನಷ್ಟು ಕಲೆ, ಕಿಡಿ ಸಿಡಿದದ್ದು.
'ಹಣ್ಯಾಗ ಬರದದ್ದು ಯಾರು ಅಳಸ್ತಾರ' ಅಂದಳು ಸೋದರತ್ತೆ.
'ಬರದದ್ದಲ್ಲ, ಸುಟ್ಟದ್ದು' ಅಂದಳು ಅವ್ವ, ರೊಟ್ಟಿ ತಟ್ಟುತ್ತ.
ಡೆಸ್ಕಿನ ನಿಘಂಟಿನಲ್ಲಿ ಅವೆರಡೂ ಬೇರೆ ಬೇರೆ:
ಮೊದಲು ಹಣಿ, ಕೆಳಗೆ ಹಣೆ,
ನಡುವೆ, ತಲೆ ಬಾಚಿಕೊಳ್ಳಲು, ಒಂದು ಹಣಿಗೆ.

ಈಗ ಟ್ರ್ಯಾಕ್ಟರು. ಕುಡ ಯಾರೂ ತರುವುದಿಲ್ಲ.
ತಮ್ಮ ಮೋನೇಶ ಅಡಿಗಲ್ಲಿನ ಪಕ್ಕದಲ್ಲೇ ವೆಲ್ಡಿಂಗ್ ಇಟ್ಟಿದ್ದಾನೆ,
ನೀಲಿ ಬೆಳಕು, ಒಂದು ಗಳಿಗೆಯ ಕೆಲಸ.
ಅವ್ವನ ಪಾಲಿಗೆ ಕುಡುಗೋಲು, ಕುರ್ಚಿಗಿ, ಚಿಕ್ಕ ಸುತ್ತಿಗೆ.
ಹಣಿದದ್ದನ್ನು ನಾನು ಒಯ್ದ ಹಳೇ ಪೇಪರಿನಲ್ಲಿ ಸುತ್ತಿ ಕೊಡುತ್ತಾಳೆ.

ಮೊನ್ನೆ ಸಂತೆಯ ದಿನ ಕೇಳಿದಳು,
'ಇದರಾಗ ನೀ ಬರದದ್ದು ಯಾವುದು?'
ಬೆರಳಿಟ್ಟು ತೋರಿಸಿ ಓದಿದೆ.
'ಮಾನ್ವಿ ಅಂದ್ರ ಊರಲ್ಲೇನು?
ಊರು ಹಣಿದು ಏನು ಮಾಡಿದ್ರು?'
ನಾನು ಅಂಕಗಳನ್ನು ಹೇಳಿದೆ. ಇಪ್ಪತ್ತೈದು ಹದಿನೆಂಟು.
ಅವಳು ಆಗಲೇ ಕುಡುಗೋಲನ್ನು ಹಾಳೆಯ ಮೇಲಿಟ್ಟು ಮಡಚುತ್ತಿದ್ದಳು.
ಎರಡನೇ ಕಾಲಮ್ಮಿನಿಂದ ಮೊನೆ ಹೊರಗೆ ಬಂತು.

'ಒಂದು ಹಾಳಿ ತಡ್ಯಂಗಿಲ್ಲ' ಎಂದಳು,
'ಇನ್ನೊಂದು ಕೊಡು.'